ಬೂದಿಯಲ್ಲಿ ಹೊರಳಿದ ನೀಲಗಾಯಿ

ಭೂಮಿಯ ಮೇಲೆ ಇನ್ನೂ ಹಾದಿಗಳೇ ಬಿದ್ದಿರದ ಕಾಲ ಅದು, ಕೂಸೇ. ಮಾಂಜ್ರಾ ಹೊಳೆಗೆ ಎತ್ತ ಹರಿಯಬೇಕೆಂದು ಗಟ್ಟಿಯಾಗಿರಲಿಲ್ಲ. ಒಂದು ವರ್ಷ ಗುಡ್ಡದ ಈ ಮಗ್ಗುಲಲ್ಲಿ, ಇನ್ನೊಂದು ವರ್ಷ ಆ ಮಗ್ಗುಲಲ್ಲಿ ಹರಿದು ನೋಡುತ್ತಿತ್ತು. ಗಾಳಿಗೆ ಎಳೇ ವಯಸ್ಸು. ಸಿಕ್ಕವರ ಜೊತೆಯೆಲ್ಲ ಮಾತಿಗೆ ನಿಲ್ಲುತ್ತಿತ್ತು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲಿನ ಬಯಲು. ಆನೆ ಹೊಕ್ಕರೆ ಆನೆ ಕಾಣುತ್ತಿರಲಿಲ್ಲ, ಅಷ್ಟೆತ್ತರದ ಹುಲ್ಲು.

ಆ ಹುಲ್ಲಿನಲ್ಲಿ ನೀಲಗಾಯಿಗಳಿದ್ದವು. ಹಸುವಿನಷ್ಟು ದೊಡ್ಡ ಮೈ, ಜಿಂಕೆಯಂಥ ತೆಳ್ಳನೆ ಕಾಲು. ಆದರೆ ಅವಕ್ಕೆ ಆಗ ಆ ಹೆಸರಿರಲಿಲ್ಲ. ನೀಲಿ ಬಣ್ಣ ಅವುಗಳ ಮೈಮೇಲೆ ಒಂದು ಕೂದಲಿನಷ್ಟೂ ಇರಲಿಲ್ಲ. ಗಂಡು, ಹೆಣ್ಣು, ಮರಿ, ಎಲ್ಲದಕ್ಕೂ ಒಣಹುಲ್ಲಿನ ಬಣ್ಣ. ಬೆನ್ನು ಹಲಗೆಯಂತೆ ಸಪಾಟು. ಕಾಲಿನಲ್ಲಿ ಬಿಳಿ ಬಳೆಯಿಲ್ಲ, ಕೊರಳಲ್ಲಿ ಕುಚ್ಚಿಲ್ಲ.

ಮತ್ತೆ, ಅವು ಮಾತಾಡುತ್ತಿದ್ದವು. ಎಷ್ಟು ಮಾತಾಡುತ್ತಿದ್ದವೆಂದರೆ, ನವಿಲುಗಳೇ ಬೇಸತ್ತು ದೂರದ ಮರಕ್ಕೆ ಹೋಗಿ ಕೂರುತ್ತಿದ್ದವು. ಹುಲ್ಲು ಎತ್ತರ ನೋಡು, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅದಕ್ಕೆ ಮೇಯುತ್ತ ಮೇಯುತ್ತ ಕೂಗುವುದು.

"ಯವ್ವಾ, ಎಲ್ಲಿದ್ದೀ?"

"ಇಲ್ಲೇ ಅದೀನಿ, ಬಾರಿಗಿಡದ ಹತ್ರ!"

"ತಮ್ಮಾ, ಎಲ್ಲಿದ್ದೀ?"

"ಇಲ್ಲೇ ಅದೀನಿ, ಹೊಳಿ ದಂಡಿಗೆ!"

ಹೀಗೆ ಬೆಳಗಿಂದ ಬೈಗಿನವರೆಗೆ. ಬಯಲೆಲ್ಲ ಅವುಗಳ ದನಿ.

ಆ ದನಿಗಳನ್ನು ಇನ್ನೊಂದು ಪ್ರಾಣಿ ಕೇಳುತ್ತಿತ್ತು.

ಅದು ಎಲ್ಲಿಂದ ಬಂತೋ ಯಾರಿಗೂ ತಿಳಿಯದು. ಹೇಗಿತ್ತೋ ಅದೂ ತಿಳಿಯದು, ಯಾಕೆಂದರೆ ಅದನ್ನು ಹತ್ತಿರದಿಂದ ನೋಡಿದವರು ಹೇಳುವುದಕ್ಕೆ ಉಳಿಯಲಿಲ್ಲ. ಅದು ಹುಲಿ. ಆ ಕಾಲದ ಹುಲಿಗೆ ಸ್ವಂತ ದನಿಯೆಂಬುದು ಇರಲಿಲ್ಲ. ಯಾರನ್ನು ತಿನ್ನುತ್ತದೋ ಅವರ ದನಿ ಅದರ ಗಂಟಲಲ್ಲಿ ಉಳಿದುಬಿಡುತ್ತಿತ್ತು.

ಆ ಹಿಂಡಿನಿಂದ ಮೊದಲು ಹೋದವಳು ಮುದುಕಿ ಹಿರೇವ್ವ. ಹಿಂಡಿನಲ್ಲೇ ಹಿರಿಯಳು. ಒಂದು ಸಂಜೆ ಹಿಂಡು ಹೊಳೆಯಿಂದ ಹೊರಟಾಗ ಅವಳು, "ನೀವು ನಡೀರಿ, ನಾ ಇನ್ನೊಂದು ಗುಟುಕು ಕುಡದು ಬರ್ತೀನಿ" ಅಂದಳು. ಬರಲಿಲ್ಲ.

ಮರುದಿನ ಹುಲ್ಲಿನೊಳಗಿಂದ ಅವಳ ದನಿ ಕೇಳಿತು.

"ಯಾರರೆ ಬರ್ರೇ... ಕಾಲು ಮುಳ್ಳಿಗೆ ಸಿಕ್ಕದ... ಯಾರರೆ ಬರ್ರೇ..."

ಹಿರೇವ್ವನ ಹಿರಿಯ ಮಗಳು ಕಿವಿ ನಿಮಿರಿಸಿದಳು. "ನಮ್ಮವ್ವ! ಅವ್ವ ಬದುಕ್ಯಾಳ!" ಅಂತ ಹುಲ್ಲು ಸೀಳಿಕೊಂಡು ಓಡಿದಳು. ಹುಲ್ಲು ಅಲುಗಾಡಿತು. ಆಮೇಲೆ ಅಲುಗಾಡಲಿಲ್ಲ.

ಅದರ ಮರುದಿನ ಎರಡು ದನಿ ಕರೆದವು. ತಾಯಿಯದೊಂದು, ಮಗಳದೊಂದು.

ಒಂದು ವಾರ ಕಳೆಯುವಷ್ಟರಲ್ಲಿ ಹುಲ್ಲಿನೊಳಗೆ ಒಂದು ಹಿಂಡೇ ಮಾತಾಡುತ್ತಿತ್ತು. "ಎಲ್ಲಿದ್ದೀ?" ಅಂತ ಒಂದು ದನಿ. "ಇಲ್ಲೇ ಅದೀನಿ" ಅಂತ ಇನ್ನೊಂದು. ಎಲ್ಲ ಪರಿಚಯದ ದನಿಗಳು. ಎಲ್ಲ ಒಂದೇ ಜಾಗದಿಂದ.

ಈ ಹಿಂಡಿನಲ್ಲಿ ಬೀರ ಅಂತ ಒಬ್ಬ ಗಂಡು ಇದ್ದ. ಹೆಸರು ಬೀರ, ಗುಂಡಿಗೆ ಮೊಲದ್ದು. ಒಣಗಿದ ಎಲೆ ಬಿದ್ದರೆ ಬೆಚ್ಚುತ್ತಿದ್ದ. ಉಡ ಹಾದುಹೋದರೆ ಹಾರುತ್ತಿದ್ದ. "ಬೀರಾ, ನಿನ್ನ ನೆರಳು ಬಂತು, ಓಡು!" ಅಂತ ಉಳಿದ ಗಂಡುಗಳು ನಗುತ್ತಿದ್ದವು. ಈಗ ನಗುವವರು ಯಾರೂ ಉಳಿದಿರಲಿಲ್ಲ. ಧೈರ್ಯವಂತರೆಲ್ಲ ಕರೆದ ದನಿಗೆ ಓಗೊಟ್ಟು ಹೋಗಿದ್ದರು. ಅಂಜಿದವನು ಉಳಿದಿದ್ದ.

ಅವನ ಹೆಂಡತಿ ಕೆಂದಿ. ಹಿರೇವ್ವನ ಕಿರಿಯ ಮಗಳು. ಅವಳಿಗೆ ಆಗಷ್ಟೇ ಅವಳಿ ಮರಿಗಳು ಹುಟ್ಟಿದ್ದವು, ಒಂದು ಹೆಣ್ಣು, ಒಂದು ಗಂಡು. ಹುಲ್ಲಿನ ನಡುವೆ ಒಂದು ತಗ್ಗಿನಲ್ಲಿ ಅವನ್ನು ಮಲಗಿಸಿ, ಹೊತ್ತಿಗೊಮ್ಮೆ ಹೋಗಿ ಹಾಲು ಕುಡಿಸಿ ಬರುತ್ತಿದ್ದಳು.

ಒಂದು ಸಂಜೆ ಹುಲ್ಲಿನೊಳಗಿನ ದನಿ ಅವಳನ್ನೇ ಹೆಸರು ಹಿಡಿದು ಕರೆಯಿತು.

"ಕೆಂದೀ... ಮಗಾ ಕೆಂದೀ... ನಿನ್ನ ಮರಿ ನೋಡ್ಬೇಕು ಬೇ ನಾ... ಎಲ್ಲಿ ಮಲಗಿಸೀದಿ?"

ಕೆಂದಿಯ ಕಾಲು ತಾನಾಗಿಯೇ ಮುಂದೆ ಹೋಯಿತು. ಬೀರ ಅಡ್ಡ ನಿಂತ. 

"ಹೋಗಬ್ಯಾಡ."

"ನಮ್ಮವ್ವನ ದನಿ ಅದು!"

"ದನಿ ಅವ್ವಂದು. ಕರಿಯೋದು ಅವ್ವ ಅಲ್ಲ."

"ನಿನಗ್ಯಾಂಗ ಗೊತ್ತು?"

ಬೀರನಿಗೆ ಗೊತ್ತಿರಲಿಲ್ಲ. ಬರೀ ಹೆದರಿಕೆ ಗೊತ್ತಿತ್ತು. ಅವನು ಗಾಳಿಯನ್ನು ಕೇಳಿದ. "ಗಾಳೀ, ಈ ದನಿ ಹೊತ್ತು ತಂದವನು ನೀನೇ. ಹೇಳು, ಅಲ್ಲಿರೋದು ಯಾರು?"

ಗಾಳಿ ಹುಲ್ಲಿನ ತುದಿ ಸವರುತ್ತ ಹೇಳಿತು, "ನಾ ಬರೀ ಹೊರೋನು ಅಣ್ಣಾ. ದನಿ ಕೊಟ್ರ ದನಿ ಹೊರ್ತೀನಿ. ವಾಸನಿ ಕೊಟ್ರ ವಾಸನಿ ಹೊರ್ತೀನಿ. ದನಿ ಸುಳ್ಳು ಹೇಳಬಹುದು. ವಾಸನಿಗೆ ಸುಳ್ಳು ಹೇಳಾಕ ಬರಂಗಿಲ್ಲ. ಮೂಗು ಎತ್ತು."

ಬೀರ ಮೂಗೆತ್ತಿದ. ಕೆಂದಿಯೂ ಎತ್ತಿದಳು. ದನಿ ಬಂದ ಕಡೆಯಿಂದಲೇ ಹಸಿ ನೆತ್ತರಿನ ವಾಸನೆ ಬಂತು. ಅದರ ಹಿಂದೆ ಇನ್ನೊಂದು ವಾಸನೆ, ಬಿಸಿ ಬಿಸಿಯಾದದ್ದು, ಅವರು ಎಂದೂ ಮೂಸದೇ ಇದ್ದದ್ದು.

ಕೆಂದಿ ಹಿಂದೆ ಸರಿದಳು.  ಅವ್ವ ಇನ್ನಿಲ್ಲವೆಂದು ಅವಳಿಗೆ ಆಗ ತಿಳಿಯಿತು.

ಬಯಲಿನ ಮೂಡಣ ಅಂಚಿನಲ್ಲಿ ಸಂಕವ್ವ ಎಂಬ ಕುರಿ ಕಾಯುವವಳು ಇದ್ದಳು. ಜಾಲಿ ಮುಳ್ಳಿನ ಬೇಲಿ ಹಾಕಿ, ಅದರೊಳಗೆ ಕುರಿ ಕೂಡಿಹಾಕಿ, ಬಾಗಿಲಲ್ಲಿ ಕರಿಯ ಕಂಬಳಿ ಹೊದ್ದು ಕೂತಿರುತ್ತಿದ್ದಳು. ಅವಳ ಗಂಡ ಮಾಳ ಕಳೆದ ಮಳೆಗಾಲದಲ್ಲಿ ಒಂದು ಕುರಿ ಹುಡುಕಿಕೊಂಡು ಹುಲ್ಲಿನೊಳಗೆ ಹೋದವನು ತಿರುಗಿ ಬಂದಿರಲಿಲ್ಲ.

ಬೀರ ಅವಳ ಹತ್ತಿರ ಹೋದ. ಅಂಜುತ್ತಲೇ ಹೋದ. ಮನುಷ್ಯರೆಂದರೂ ಅವನಿಗೆ ಅಂಜಿಕೆಯೇ.

"ಅಕ್ಕಾ, ಹುಲ್ಲಿನಾಗ ನಮ್ಮವರು ಕರೀತಾರ."

"ಗೊತ್ತದ ತಮ್ಮಾ" ಅಂದಳು ಸಂಕವ್ವ. "ನಮ್ಮವರೂ ಕರೀತಾರ."

ಅಷ್ಟರಲ್ಲಿ ಹೊತ್ತು ಇಳಿಯಿತು. ಹುಲ್ಲಿನ ಒಳಗಿಂದ, ಅಷ್ಟು ದೂರವೇನಲ್ಲ, ಒಬ್ಬ ಗಂಡಸಿನ ದನಿ ಕೇಳಿತು. ದಣಿದು ಬಂದವನ ದನಿ.

"ಸಂಕೀ... ಒಂದು ಚೊಂಬು ನೀರು ತಗೊಂಡು ಬಾ..."

ಬೀರ ಹೌಹಾರಿ ಹಿಂದೆ ಹಾರಿದ. ಸಂಕವ್ವ ಅಲುಗಲಿಲ್ಲ. ಅವಳ ಮಡಿಲಲ್ಲಿ ಉಣ್ಣೆಯ ಎರಡು ಉಂಡೆ ಇದ್ದವು, ಕಿವಿಗೆ ತುರುಕಿಕೊಳ್ಳಲು ಮಾಡಿಟ್ಟದ್ದು.

"ಕಿವಿ ಮುಚ್ಚಿಕೋ ಅಕ್ಕಾ!" ಅಂದ ಬೀರ.

"ಉಣ್ಣಿ ದಿನಾ ಉಂಡಿ ಮಾಡಿ ಇಟ್ಟುಕೋತೀನಿ. ಕಿವಿಗೆ ಇಟ್ಟುಕೊಳ್ಳಾಕ ಮನಸ್ಸು ಬರಂಗಿಲ್ಲ" ಅಂದಳು ಅವಳು. "ಅವನ ದನಿ ಅಲ್ಲಾ?"

ದನಿ ಇನ್ನೂ ಎರಡು ಸಲ ನೀರು ಕೇಳಿತು. ಆಮೇಲೆ ನಿಂತಿತು. ಹುಲ್ಲು ಸರಸರ ಅಂದಿತು, ಏನೋ ಭಾರವಾದದ್ದು ಹೊರಳಿ ಮಲಗಿದಂತೆ.

ಸಂಕವ್ವ ಬೀರನ ಕಡೆ ತಿರುಗಿದಳು. "ಇವತ್ತಿನ ದನಿ ನಿನ್ನಿಗಿಂತ ಹತ್ರ ಇತ್ತು. ನಾಳೆ ಇನ್ನೂ ಹತ್ರ ಬರ್ತದ. ಒಂದಿಲ್ಲ ಒಂದು ದಿನ ನಾನೇ ಎದ್ದು ಚೊಂಬು ಹಿಡಕೊಂಡು ನಡೀತೀನಿ ತಮ್ಮಾ. ಅದಕ್ಕ ಮೊದಲು ಈ ಹುಲ್ಲು ಸುಡಬೇಕು."

"ಹುಲ್ಲಿನಾಗ ನಾವು ಅದೀವಿ!"

"ಅದಕ್ಕೇ ನಿನಗ ಹೇಳಾಕತ್ತೀನಿ. ಮುಂಜಾನಿ ಬೇಲಿ ಮುಂದ ಒಂದು ಪಟ್ಟಿ ಮಾತ್ರ ಸುಡ್ತೀನಿ. ನೀವೆಲ್ಲ ಆ ಸುಟ್ಟ ನೆಲಕ್ಕ ಬಂದು ನಿಂದರ್ರಿ. ಆಮ್ಯಾಲ ಉಳಿದದ್ದಕ್ಕ ಬೆಂಕಿ ಇಡ್ತೀನಿ. ಗಾಳೀ, ನೀ ಏನಂತೀ?"

ಗಾಳಿ ಯೋಚಿಸಿತು. "ಹೊತ್ತು ನೆತ್ತಿಗೆ ಬರೋತನಕ ಮೂಡಲಿಂದ ಬೀಸ್ತೀನಿ. ಬೆಂಕಿ ನಿಮ್ಮ ಕಡೆ ಬರಂಗಿಲ್ಲ. ಆಮ್ಯಾಲ ಮಾತ್ರ ನಂದು ನನಗೇ ಗೊತ್ತಿಲ್ಲ."

"ಇನ್ನೊಂದು ಮಾತು" ಅಂದಳು ಸಂಕವ್ವ. "ಬರೋವಾಗ ಯಾರೂ ಬಾಯಿ ಬಿಡಬಾರದು. ಎಲ್ಲಿದ್ದೀ ಅನ್ನಬಾರದು. ಇಲ್ಲೇ ಅದೀನಿ ಅನ್ನಬಾರದು. ಅದಕ್ಕ ಕೇಳಿಸಿತು ಅಂದ್ರ ಮುಗೀತು."

ಮುಂಜಾನೆ ಪಟ್ಟಿ ಸುಟ್ಟಿತು. ಕರ್ರನೆಯ ನೆಲ, ಅದರ ಮೇಲೆ ನೀಲಿ ಬೂದಿ. ಮೇಲೆ ಬೂದಿ ತಣ್ಣಗೆ ಕಂಡರೂ ಒಳಗೆ ಕೆಂಡ ಕಣ್ಣು ಮುಚ್ಚಿರಲಿಲ್ಲ.

ಹಿಂಡಿನಲ್ಲಿ ಉಳಿದವರು ಒಬ್ಬೊಬ್ಬರಾಗಿ ಹುಲ್ಲಿನಿಂದ ಹೊರಬಂದರು. ಬಾಲಕ್ಕೆ ಮೂಗು ತಾಗಿಸಿ, ಒಬ್ಬರ ಹಿಂದೆ ಒಬ್ಬರು. ಮೊದಲನೆಯವಳು ಬೂದಿಯ ಮೇಲೆ ಕಾಲಿಟ್ಟಳು. ಗೊರಸು ಒಳಗಿಳಿಯಿತು. ಗೊರಸಿನ ಮೇಲಿನ ಎಳೆ ಚರ್ಮಕ್ಕೆ ಕೆಂಡ ತಾಗಿ ಚುರ್ ಅಂದಿತು. ಅವಳ ಕಣ್ಣಲ್ಲಿ ನೀರು ಬಂತು. ಬಾಯಿ ಬಿಡಲಿಲ್ಲ. ಎರಡನೆಯವಳ ಕಾಲೂ ಸುಟ್ಟಿತು. ಬಾಯಿ ಬಿಡಲಿಲ್ಲ. ಮೂರನೆಯವಳದೂ ಸುಟ್ಟಿತು. ಬಾಯಿ ಬಿಡಲಿಲ್ಲ. ಅಷ್ಟು ಮಾತಿನ ಹಿಂಡು, ಕೂಸೇ, ಬೆಂಕಿಯ ಮೇಲೆ ನಡೆಯುತ್ತ ಉಸಿರಿನ ಸದ್ದೂ ಮಾಡಲಿಲ್ಲ.

ಬೀರ ದಾಟಿ ಬಂದು ಹಿಂದೆ ನೋಡಿದ. ಕೆಂದಿ ಇರಲಿಲ್ಲ. ಮರಿಗಳನ್ನು ತರಲು ತಗ್ಗಿಗೆ ಹೋಗಿದ್ದಳು.

ಹೊತ್ತು ಏರುತ್ತ ಹೋಯಿತು. ಸಂಕವ್ವ ಒಡೆದ ಮಡಕೆಯ ತಳದಲ್ಲಿ ಕೆಂಡ ತುಂಬಿಕೊಂಡು ನಿಂತಿದ್ದಳು. ಒಮ್ಮೆ ಸೂರ್ಯನನ್ನು, ಒಮ್ಮೆ ಹುಲ್ಲನ್ನು ನೋಡುತ್ತಿದ್ದಳು.

ತಗ್ಗಿನಲ್ಲಿ ಕೆಂದಿಗೆ ಹೆಣ್ಣುಮರಿ ಸಿಕ್ಕಿತು. ಗಂಡುಮರಿ ಮಲಗಿದ ಜಾಗ ಬೆಚ್ಚಗಿತ್ತು, ಮರಿ ಇರಲಿಲ್ಲ. ಹಸಿದು ಎಲ್ಲೋ ಎದ್ದು ಹೋಗಿತ್ತು. ಬೇರೆ ದಿನವಾಗಿದ್ದರೆ, "ಎಲ್ಲಿದ್ದೀ ಮಗಾ?" ಅಂತ ಒಂದು ಕೂಗು ಹಾಕಿದರೆ ಸಾಕಿತ್ತು. ಕೆಂದಿ ಹಲ್ಲು ಕಚ್ಚಿ, ನೆಲಕ್ಕೆ ಮೂಗು ಹಚ್ಚಿ ವಾಸನೆ ಹಿಡಿದು ನಡೆದಳು.

ಆಗ ಹುಲ್ಲಿನೊಳಗಿಂದ ಹಿರೇವ್ವನ ದನಿ ಬಂತು. ಬಹಳ ಮೆತ್ತಗೆ. ಬಹಳ ಪ್ರೀತಿಯಿಂದ.

"ಬಾ ನನ ಬಂಗಾರಾ... ಬಾ... ಹಸಿವಾಗ್ಯದೇನು? ಅಜ್ಜಿ ಹತ್ರ ಬಾ..."

"ಅಜ್ಜೀ!" ಅಂದಿತು ಮರಿ. "ಇಲ್ಲೇ ಅದೀನಿ!"

ಆ ಮಾತು ಬಯಲಿಗೆಲ್ಲ ಕೇಳಿತು.

ಬೂದಿಯ ಪಟ್ಟಿಯಲ್ಲಿ ನಿಂತಿದ್ದ ಬೀರನಿಗೂ ಕೇಳಿತು. ಓಡಬೇಕು ಅನಿಸಿತು. ಕಾಲಿಗೆ ಓಡುವುದೆಂದರೆ ಹಿಂದಕ್ಕೆ ಓಡುವುದೊಂದೇ ಗೊತ್ತಿತ್ತು. ಅವನು ತನ್ನ ಮೈ ನೋಡಿಕೊಂಡ. ಒಣಹುಲ್ಲಿನ ಬಣ್ಣ. ಇದೇ ಬಣ್ಣದಲ್ಲಿ ಹುಲ್ಲಿಗೆ ಹೋದರೆ ಹುಲಿ ತನ್ನನ್ನು ನೋಡುವುದೇ ಇಲ್ಲ, ನೆಟ್ಟಗೆ ಮರಿಯ ಕಡೆ ಹೋಗುತ್ತದೆ.

ತಾನು ಕಾಣಬೇಕು.

ಜೀವಮಾನವಿಡೀ ಯಾರ ಕಣ್ಣಿಗೂ ಬೀಳದ ಹಾಗೆ ಬದುಕಿದವನು ಅವನು. ಬೀರ ಬೂದಿಯಲ್ಲಿ ಬಿದ್ದು ಹೊರಳಿದ. ಬೆನ್ನು, ಪಕ್ಕೆ, ಎದೆ, ಕತ್ತು, ಎಲ್ಲಕ್ಕೂ ಬೂದಿ ಮೆತ್ತಿತು. ಎದ್ದಾಗ ಮಳೆ ಮೋಡದ ತುಂಡೊಂದು ಎದ್ದು ನಿಂತಂತೆ ಕಂಡ. ಅಲ್ಲಿಂದ ಹುಲ್ಲಿಗೆ ಹಾರಿದ. ಹುಲ್ಲಿನ ನಡುವೆ ಒಂದು ದಿಬ್ಬವಿತ್ತು. ಅದರ ಮೇಲೆ ಹತ್ತಿ ನಿಂತ. ಸುತ್ತ ಹಳದಿ ಹುಲ್ಲು, ನಡುವೆ ಅವನೊಬ್ಬನೇ ನೀಲಿ. ಅರ್ಧ ಗಾವುದ ದೂರದಿಂದಲೂ ಕಾಣುವಂತಿದ್ದ.

ಆಮೇಲೆ ಬಾಯಿ ತೆರೆದು ಕೂಗಿದ.

"ಇಲ್ಲೇ ಅದೀನೀ! ನಾ ಇಲ್ಲೇ ಅದೀನೀ! ಬಾ!"

ದನಿ ನಡುಗುತ್ತಿತ್ತು. ಆದರೂ ನಿಲ್ಲಲಿಲ್ಲ.

ಹುಲ್ಲಿನೊಳಗಿನ ಮುದುಕಿಯ ದನಿ ಥಟ್ಟನೆ ನಿಂತಿತು. ಹುಲ್ಲು ಇಬ್ಭಾಗವಾಗುತ್ತ ಬರತೊಡಗಿತು. ಮರಿಯ ಕಡೆಗಲ್ಲ. ದಿಬ್ಬದ ಕಡೆಗೆ. ಅದು ಬರುವಾಗ ಅದರ ಗಂಟಲಲ್ಲಿದ್ದ ದನಿಗಳೆಲ್ಲ ಒಟ್ಟಿಗೆ ಮಾತಾಡುತ್ತಿದ್ದವು. "ಬೀರಾ, ನೆರಳು ಬಂತು!" ಅಂತ ಸತ್ತುಹೋದ ಗಂಡುಗಳ ದನಿಯಲ್ಲಿ ನಗುತ್ತಿತ್ತು. "ಓಡು! ಓಡು!"

ಬೀರ ಓಡಿದ. ಬೂದಿಯ ಪಟ್ಟಿಯ ಕಡೆಗೆ, ಸಂಕವ್ವನ ಕಡೆಗೆ ಓಡಿದ. ಹುಲಿಯ ಬಿಸಿಯುಸಿರು ಅವನ ಹಿಂಗಾಲಿಗೆ ತಾಗುತ್ತಿತ್ತು. ಅತ್ತ ಹುಲ್ಲಿನ ಇನ್ನೊಂದು ಮಗ್ಗುಲಲ್ಲಿ ಕೆಂದಿ ಗಂಡುಮರಿಯ ವಾಸನೆ ಹಿಡಿದು ಅದನ್ನು ಮುಟ್ಟಿದ್ದಳು. ಎರಡೂ ಮರಿಗಳನ್ನು ಮೂಗಿನಿಂದ ನೂಕುತ್ತ, ಬೂದಿಯ ಮೇಲೆ ಕಾಲು ಸುಟ್ಟುಕೊಳ್ಳುತ್ತ, ಸದ್ದಿಲ್ಲದೆ ದಾಟಿಸಿದಳು.

ಬೀರ ಹುಲ್ಲು ದಾಟಿ ಬೂದಿಗೆ ಕಾಲಿಡುವಷ್ಟರಲ್ಲಿ ಹುಲಿ ಹಾರಿತು.

ಅದರ ಭಾರವೆಲ್ಲ ಅವನ ಸೊಂಟದ ಮೇಲೆ ಬಿತ್ತು. ಹಿಂಗಾಲು ಬಾಗಿದವು. ಬೆನ್ನಿನ ಹಿಂಭಾಗ ಕುಸಿಯಿತು. ಹುಲಿ ಕೆಳಕ್ಕೆ ಎಳೆಯಿತು. ಬೀರ ಮುಂಗಾಲು ಊರಿ ಮೇಲಕ್ಕೆ ಎಳೆದ. ಬೀಳಲಿಲ್ಲ. ಹುಲಿ ಒಂದು ಪಂಜ ಮುಂದೆ ಹಾಕಿ ಅವನ ಗಂಟಲು ಸೀಳಿತು. ಅವನ ಕೂಗು ನಡುವೆಯೇ ಕತ್ತರಿಸಿಹೋಯಿತು. ಇನ್ನು ಕತ್ತಿಗೆ ಬಾಯಿ ಹಾಕುವುದೊಂದೇ ಬಾಕಿ. ಹುಲಿ ಬಾಯಿ ತೆರೆಯಿತು. ಗುಹೆಯಂಥ ಬಾಯಿ.

ಆ ಬಾಯೊಳಗಿಂದ ಮಾಳನ ದನಿ ಬಂತು. "ಸಂಕೀ... ನೀರು..."

ಸಂಕವ್ವ ಎರಡೇ ಹೆಜ್ಜೆ ದೂರದಲ್ಲಿದ್ದಳು. ಅವಳ ಕೈ ಒಂದು ಗಳಿಗೆ ತಡೆಯಿತು. ಆ ದನಿ ಇನ್ನು ಎಂದೂ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಮಡಕೆಯ ಕೆಂಡವನ್ನೆಲ್ಲ ಆ ಬಾಯೊಳಗೆ ಸುರಿದಳು.

ಹುಲಿ ಬೀರನನ್ನು ಬಿಟ್ಟು ಮೇಲಕ್ಕೆ ಚಿಮ್ಮಿತು. ಅದರ ಸುಟ್ಟ ಗಂಟಲಿನಿಂದ ದನಿಗಳು ಹೊರಬೀಳತೊಡಗಿದವು. ಹಿರೇವ್ವನದು, ಅವಳ ಮಗಳದು, ಗಂಡುಗಳದು, ಮಾಳನದು, ಕುರಿಗಳದು, ಹಕ್ಕಿಗಳದು. ಹೊಗೆಯ ಜೊತೆ ಒಂದರ ಹಿಂದೆ ಒಂದು ಹೊರಗೆ ಬಂದವು. ಎಲ್ಲ ಖಾಲಿಯಾದ ಮೇಲೆ ಅದರ ಗಂಟಲಲ್ಲಿ ಒಂದೇ ಸದ್ದು ಉಳಿಯಿತು, ಒರಟಾದ ಗರ್ಜನೆ. ಗರ್ಜಿಸುತ್ತ ಅದು ಹೊಳೆ ಹಾರಿ ಆಚೆ ಕಾಡಿಗೆ ಓಡಿಹೋಯಿತು. ಚೆಲ್ಲಿದ ಕೆಂಡ ಹುಲ್ಲಿಗೆ ಹಿಡಿದು ಪಡುವಣದ ತನಕ ಬಯಲು ಉರಿಯಿತು.

ದನಿಗಳು ಇನ್ನೂ ತಲೆಯ ಮೇಲೆ ಸುಳಿಯುತ್ತಿದ್ದವು. ಗಾಳಿ ಸಂಕವ್ವನ ಹತ್ತಿರ ಬಂದು ಕೇಳಿತು, "ಅಕ್ಕಾ, ಇವನ್ನ ಒಯ್ಯಲೇನು?"

ಸಂಕವ್ವ ಬೂದಿಯಲ್ಲೇ ಕೂತುಬಿಟ್ಟಿದ್ದಳು. "ಒಯ್ಯಿ" ಅಂದಳು. ಮತ್ತೆ, "ಅವನದು ಒಂದು ಮಾತ್ರ ನಿಧಾನಕ ಒಯ್ಯಪ್ಪಾ" ಅಂದಳು.

ಗಾಳಿ ನಿಧಾನಕ್ಕೇ ಒಯ್ದಿತು.

ಬೀರ ಸತ್ತಿರಲಿಲ್ಲ. ಸಂಕವ್ವ ತನ್ನ ಕರಿ ಕಂಬಳಿಯ ಅಂಚಿನಿಂದ ಉಣ್ಣೆ ಹಿರಿದು ಅವನ ಗಂಟಲ ಗಾಯಕ್ಕೆ ಒತ್ತಿ ಹಿಡಿದಳು. ನೆತ್ತರು ನಿಂತಿತು. ಗಾಯದ ಸುತ್ತ ಉರಿ ಕಡಿಮೆಯಾಗಲೆಂದು ಕುರಿಹಾಲಿನ ಕೆನೆ ಸವರಿದಳು. ಕೆಂದಿ ಅವನ ಮಗ್ಗುಲು ಬಿಟ್ಟು ಏಳಲಿಲ್ಲ. ಅವನ ಕೊರಳಿಗೆ ತನ್ನ ಕೊರಳು ಹಚ್ಚಿ ಮಲಗಿದಳು. ಅವಳ ಗಂಟಲಿಗೂ ಕೆನೆ ಮೆತ್ತಿತು. ಮರಿಗಳು ಬಂದು ಅಲ್ಲೇ ಮುಖ ಹುದುಗಿಸಿದವು.

ಗಾಯ ಮಾಯಿತು. ಉಣ್ಣೆ ಮಾತ್ರ ಕಳಚಲಿಲ್ಲ, ಅವನ ಕೊರಳಿಗೇ ಬೇರು ಬಿಟ್ಟು ಕುಚ್ಚಾಗಿ ನೇತಾಡಿತು. ಕೆನೆ ಹಚ್ಚಿದಲ್ಲಿ ಕೂದಲು ಬೆಳ್ಳಗೆ ಬೆಳೆಯಿತು. ಕಾಲು ಸುಟ್ಟಲ್ಲೆಲ್ಲ ಬಿಳಿ ಬಳೆ ತೊಡಿಸಿದಂತೆ ಬಿಳಿ ಕೂದಲು ಬಂತು. ಕುಸಿದ ಸೊಂಟ ಮೇಲೇಳಲಿಲ್ಲ. ಮುಂದೆ ಎತ್ತರ, ಹಿಂದೆ ಇಳಿಜಾರು, ಬೆನ್ನು ಹಾಗೇ ಉಳಿಯಿತು. ಆಮೇಲೆ ಹುಟ್ಟಿದವರ ಬೆನ್ನೂ ಹಾಗೆಯೇ ಆಯಿತು.

ಬೀರ ಮಾತಾಡಲು ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ.

ಹಿಂಡಿನವರು ಈಗಲಾದರೂ ಒಬ್ಬರನ್ನೊಬ್ಬರು ಕರೆಯಬಹುದಿತ್ತು. ಒಂದು ಎಳೆಯ ಹೆಣ್ಣು, "ಎಲ್ಲಿ..." ಅಂತ ಶುರು ಮಾಡಿತು. ಕೆಂದಿ ತಲೆ ಅಡ್ಡಡ್ಡ ಆಡಿಸಿದಳು.

"ಸುಟ್ಟದ್ದು ಅದರ ಗಂಟಲ. ಹಸಿವು ಸುಟ್ಟಿಲ್ಲ" ಅಂದಳು. "ಅದು ಹೊಳಿ ಆಚೆ ಕೂತು ಕೇಳಾಕತ್ತದ. ನಮ್ಮ ದನಿ ಇನ್ನೊಮ್ಮೆ ಅದರ ಕೈಗೆ ಸಿಗಬಾರದು."

ಆ ಹಿಂಡು ಆಡಿದ ಕಡೆಯ ಮಾತು ಅದು.

ಹಾಗಾದರೆ ಯಾರು ಬದುಕಿದ್ದಾರೆ, ಯಾರು ಎಲ್ಲಿದ್ದಾರೆ ಅಂತ ತಿಳಿಯುವುದು ಹೇಗೆ? ನಗಬೇಡ, ಹೇಳುತ್ತೇನೆ. ವಾಸನೆಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಗಾಳಿ ಹೇಳಿರಲಿಲ್ಲವೇ? ಅವು ಬಯಲಿನಲ್ಲಿ ಒಂದು ಜಾಗ ಗುರುತು ಮಾಡಿಕೊಂಡವು. ಎಷ್ಟು ದೂರ ಮೇಯಲು ಹೋದರೂ ಅಲ್ಲಿಗೇ ಬಂದು ಹಿಕ್ಕೆ ಹಾಕುವುದು. ಬಂದವರು ಮೂಸಿ ನೋಡುವುದು. ಇವಳು ಇವತ್ತು ಬಂದಿದ್ದಳು. ಇವನು ನಿನ್ನೆ ಬಂದಿದ್ದ. ಇವನದು ಹಳೆಯದಾಯಿತು, ಮೇಲೆ ಹೊಸದಿಲ್ಲ. ಆಗ ಮೂಸಿದವರು ತಲೆ ಎತ್ತಿ ಹೊಳೆಯಾಚೆ ನೋಡುತ್ತಿದ್ದರು.

ಮಳೆಗಾಲ ಬಂತು. ಬಯಲೆಲ್ಲ ತೊಳೆದುಹೋಯಿತು. ಬೀರನ ಮೈಮೇಲಿನ ಬೂದಿ ತೊಳೆಯಲಿಲ್ಲ. ಮಳೆ ಬಿದ್ದಷ್ಟೂ ಅದು ಕಬ್ಬಿಣದಂತೆ ಗಾಢವಾಯಿತು. ಹುಲ್ಲು ಮತ್ತೆ ಬೆಳೆದಾಗ ಹೆಣ್ಣುಗಳೂ ಮರಿಗಳೂ ಅದರೊಳಗೆ ಕರಗಿಹೋದವು. ಅವನೊಬ್ಬ ಮಾತ್ರ ಎಲ್ಲಿ ನಿಂತರೂ ಕಾಣುತ್ತಿದ್ದ. ಅದಕ್ಕೆ ಅವನು, ಹುಲಿಯ ಕಣ್ಣು ತನ್ನ ಮೇಲೇ ಬೀಳಲೆಂದು, ಹಿಂಡಿನಿಂದ ದೂರ, ಬಯಲಿನ ಅಂಚಿನಲ್ಲಿ ನಿಲ್ಲತೊಡಗಿದ. ಅಂಜಿಕೆ ಅವನನ್ನು ಬಿಟ್ಟಿರಲಿಲ್ಲ. ಎಲೆ ಬಿದ್ದರೆ ಈಗಲೂ ಅವನ ಚರ್ಮ ಅದುರುತ್ತಿತ್ತು. ಆದರೂ ಅಲ್ಲಿಂದ ಕದಲುತ್ತಿರಲಿಲ್ಲ.

ಅವಳಿ ಮರಿಗಳು ದೊಡ್ಡವಾದವು. ಹೆಣ್ಣುಮರಿ ತಾಯಿಯ ಹಾಗೆ ಹುಲ್ಲಿನ ಬಣ್ಣದಲ್ಲೇ ಉಳಿಯಿತು. ಗಂಡುಮರಿಯ ಎದೆ ಅಗಲವಾಯಿತು, ಹಣೆಯ ಮೇಲೆ ಎರಡು ಪುಟ್ಟ ಕೋಡು ಮೂಡಿದವು. ಒಂದು ಬೆಳಗ್ಗೆ ಅದರ ಹೆಗಲ ಮೇಲೆ ಅಂಗೈಯಗಲ ನೀಲಿ ಕಾಣಿಸಿತು.

ಕೆಂದಿ ಓಡಿಬಂದಳು. ಎಲ್ಲೋ ಬೂದಿ ತಾಗಿದೆಯೆಂದು ನೆಕ್ಕಿದಳು. ಹೋಗಲಿಲ್ಲ. ಮರುದಿನ ಬಣ್ಣ ಕತ್ತಿಗೆ ಏರಿತ್ತು. ಅದನ್ನೂ ನೆಕ್ಕಿದಳು. ಆಮೇಲೆ ಪಕ್ಕೆಗೆ, ಬೆನ್ನಿಗೆ, ತೊಡೆಗೆ. ನಾಲಗೆ ಒರಟಾಗುವ ತನಕ ನೆಕ್ಕಿದಳು. ಇನ್ನು ತನ್ನ ಮಗ ಕಾಣುತ್ತಾನೆ, ಹೊಳೆಯಾಚೆಯಿಂದಲೂ ಕಾಣುತ್ತಾನೆ ಅಂತ ಅವಳಿಗೆ ತಿಳಿಯಿತು. ಬೀರ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದ. 

ಕಡೆಗೆ ಮಗ ತಾಯಿಯ ನಾಲಗೆಯಿಂದ ಮೆಲ್ಲಗೆ ಮೈ ಬಿಡಿಸಿಕೊಂಡ. ಹುಲ್ಲು ದಾಟಿ, ಬಯಲಿನ ಇನ್ನೊಂದು ಅಂಚಿಗೆ ಹೋಗಿ, ಕತ್ತೆತ್ತಿ ನಿಂತ.

ಅವತ್ತಿನಿಂದ ಹೀಗೇ ನಡೆದುಬಂದಿದೆ, ಕೂಸೇ: ನೀಲಗಾಯಿಯ ಮರಿಗಳೆಲ್ಲ ಹುಲ್ಲಿನ ಬಣ್ಣದಲ್ಲಿ ಹುಟ್ಟುತ್ತವೆ, ಗಂಡು ಬೆಳೆದು ನೀಲಿಯಾಗಿ ಒಂಟಿಯಾಗಿ ಬಯಲಿಗೆ ಬಂದು ನಿಲ್ಲುತ್ತದೆ, ಅದು ಸದ್ದಿಲ್ಲದೆ ನಿನ್ನನ್ನೇ ನೋಡುತ್ತ ನಿಂತಾಗ ನೀನು ಅದರ ಹಿಂದಿನ ಹುಲ್ಲಿನ ಕಡೆ ಒಮ್ಮೆ ಕಣ್ಣು ಹಾಯಿಸು, ಅಲ್ಲಿ ಯಾರೂ ಇಲ್ಲ ಅಂತ ನಿನಗೆ ಅನಿಸಿದರೆ, ಅದು ನಿಂತದ್ದು ಸಾರ್ಥಕವಾಯಿತು ಅಂತ ತಿಳಿದುಕೋ.